ಜೀನ್ಸ್ ಮೇಲಿರುವ ಹೆಸರು: ಲೀವೈ ಸ್ಟ್ರಾಸ್‌ನ ಕಥೆ

ನಮ್ಮ ಕಾಲೇಜಿನಲ್ಲಿ ಬ್ರಾಂಚ್ ಯಾವುದೇ ಇರಲಿ, ಸೆಮಿಸ್ಟರ್ ಯಾವುದೇ ಇರಲಿ, ವರ್ಕ್‌ಶಾಪ್ ಇರುವ ದಿನ ಬಿಟ್ಟರೆ ಹೆಚ್ಚಿನವರ ಮೈಮೇಲೆ ಕಾಣೋದು ಒಂದೇ ಪ್ಯಾಂಟು. ಜೀನ್ಸ್. ಹಾಸ್ಟೆಲ್ಲಿನಲ್ಲಂತೂ ಇದಕ್ಕೆ ವಿಶೇಷ ಮರ್ಯಾದೆ, ಯಾಕೆಂದರೆ ವಾರಗಟ್ಟಲೆ ಒಗೆಯದಿದ್ದರೂ ಯಾರೂ ಕೇಳಲ್ಲ. ಈಗ ಇದನ್ನು ಓದುತ್ತಿರುವಾಗ ಜೀನ್ಸ್ ಹಾಕಿಕೊಂಡಿದ್ದರೆ ಮುಂದಿನ ಜೇಬಿನ ಬಾಯಿಯ ಎರಡು ತುದಿಗಳನ್ನು ಮುಟ್ಟಿ ನೋಡಿ. ಕಡಲೆಕಾಳಿನಷ್ಟು ದೊಡ್ಡ ಲೋಹದ ಬೊಟ್ಟು ಸಿಗುತ್ತೆ. ಅದೇ ರಿವೆಟ್. ಚೆಂದಕ್ಕೆ ಹಾಕಿದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಈ ಪ್ಯಾಂಟು ಹುಟ್ಟಿದ್ದೇ ಆ ಬೊಟ್ಟಿನಿಂದ.

ಆ ಪ್ಯಾಂಟಿಗೆ ಅಂಟಿಕೊಂಡಿರುವ ಹೆಸರು ಲೀವೈ ಸ್ಟ್ರಾಸ್‌ನದ್ದು. ಅವನ ಬಗ್ಗೆ ಓಡಾಡುವ ಕಥೆ ನಿಮಗೂ ಗೊತ್ತಿರಬಹುದು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು, ಜನ ಮುಗಿಬಿದ್ದರು, ಲೀವೈ ಡೇರೆ ಬಟ್ಟೆ ಮಾರೋಕೆ ಅಲ್ಲಿಗೆ ಹೋದ, ಡೇರೆ ಯಾರಿಗೂ ಬೇಡವಾಯಿತು, ಗಣಿ ಕೆಲಸಗಾರರ ಪ್ಯಾಂಟುಗಳು ಹರಿಯುವುದನ್ನು ಕಂಡು ಅದೇ ಬಟ್ಟೆಯಲ್ಲಿ ಪ್ಯಾಂಟು ಹೊಲಿದ, ಶ್ರೀಮಂತನಾದ. ಸ್ಟಾರ್ಟಪ್ ಭಾಷಣಗಳಲ್ಲಿ ಹೇಳೋಕೆ ಹೇಳಿ ಮಾಡಿಸಿದಂತಿದೆ. ತೊಂದರೆ ಏನಂದರೆ ಇದು ನಡೆದದ್ದಲ್ಲ. ಲೀವೈ ದರ್ಜಿಯೇ ಅಲ್ಲ. ಪ್ಯಾಂಟು ಹೊಲಿದವನು ಬೇರೆ, ಹೊಳೆದದ್ದು ಬೇರೆಯವನಿಗೆ, ಆ ಊರು ಕೂಡ ಬೇರೆ. ಹಾಗಾದರೆ ಈ ಮನುಷ್ಯ ಮಾಡಿದ್ದಾದರೂ ಏನು?

ಮೊದಲಿಂದ ನೋಡೋಣ. 1829ರ ಫೆಬ್ರವರಿ 26ರಂದು ಜರ್ಮನಿಯ ಬವೇರಿಯಾ ಸೀಮೆಯ ಬುಟನ್‌ಹೈಮ್ ಅನ್ನೋ ಹಳ್ಳಿಯಲ್ಲಿ ಒಂದು ಯಹೂದಿ ಮನೆಯಲ್ಲಿ ಹುಟ್ಟಿದ. ಮನೆಯಲ್ಲಿ ಇಟ್ಟ ಹೆಸರು ಲ್ಯೋಬ್. ಅಪ್ಪ ಹಿರ್ಷ್ ಸ್ಟ್ರಾಸ್ ತಲೆಹೊರೆ ವ್ಯಾಪಾರಿ, ಗಂಟು ಹೊತ್ತು ಊರೂರು ತಿರುಗಿ ಬಟ್ಟೆಬರೆ ಮಾರುತ್ತಿದ್ದ. ಹಿರ್ಷ್‌ನ ಮೊದಲ ಹೆಂಡತಿ ತೀರಿಕೊಂಡಿದ್ದಳು, ಅವಳ ಮಕ್ಕಳು ಮನೆಯಲ್ಲಿದ್ದರು. ಎರಡನೇ ಹೆಂಡತಿ ರೆಬೆಕ್ಕಳ ಮಗ ಈ ಲ್ಯೋಬ್. ಫ್ಯಾನಿ ಅವನ ಒಡಹುಟ್ಟಿದ ಅಕ್ಕ. ಈ ಅಕ್ಕನನ್ನು ನೆನಪಿಡಿ, ಮುಂದೆ ಬರುತ್ತಾಳೆ.

ಆಗಿನ ಬವೇರಿಯಾದಲ್ಲಿ ಯಹೂದಿಯಾಗಿ ಬಾಳುವುದು ಸುಲಭದ ಮಾತಾಗಿರಲಿಲ್ಲ. 1813ರ ಕಾನೂನಿನ ಪ್ರಕಾರ ಒಂದೊಂದು ಊರಲ್ಲಿ ಇಷ್ಟೇ ಯಹೂದಿ ಕುಟುಂಬಗಳು ಇರಬೇಕು ಅಂತ ಸರ್ಕಾರವೇ ಪಟ್ಟಿ ಮಾಡಿಟ್ಟಿತ್ತು. ಪಟ್ಟಿಯಲ್ಲಿ ಜಾಗ ಖಾಲಿಯಾದರೆ ಮಾತ್ರ ಹೊಸದಾಗಿ ಮನೆ ಹೂಡಬಹುದು, ಮದುವೆಯಾಗಬಹುದು. ನಮ್ಮ ಸಿಇಟಿ ಸೀಟ್ ಮ್ಯಾಟ್ರಿಕ್ಸ್ ಇದ್ದ ಹಾಗೆ, ಆದರೆ ಇಲ್ಲಿ ಸೀಟು ಹಂಚುತ್ತಿದ್ದದ್ದು ಸಂಸಾರ ಮಾಡೋದಕ್ಕೆ! ಹೀಗಾಗಿ ಮನೆಯ ದೊಡ್ಡ ಗಂಡುಮಕ್ಕಳಾದ ಜೋನಸ್ ಮತ್ತು ಲೂಯಿಸ್ ಮೊದಲೇ ನ್ಯೂಯಾರ್ಕಿಗೆ ಹೋಗಿ ಅಲ್ಲಿ ಬಟ್ಟೆ ವ್ಯಾಪಾರಕ್ಕೆ ಇಳಿದಿದ್ದರು. 1846ರಲ್ಲಿ ಅಪ್ಪ ಕ್ಷಯದಿಂದ ಸತ್ತ. ಮರುವರ್ಷ ರೆಬೆಕ್ಕಾ ಮಗನನ್ನೂ ಹೆಣ್ಣುಮಕ್ಕಳನ್ನೂ ಕಟ್ಟಿಕೊಂಡು ಹಡಗು ಹತ್ತಿದಳು. ಹುಡುಗನಿಗೆ ಆಗ ಹದಿನೆಂಟು, ಅಂದರೆ ನಮ್ಮ ಫಸ್ಟ್ ಇಯರ್ ವಯಸ್ಸು. ನ್ಯೂಯಾರ್ಕಿನಲ್ಲಿ ಅಣ್ಣಂದಿರ ಅಂಗಡಿಯಲ್ಲಿ ಕೆಲಸ ಕಲಿತ. ಲ್ಯೋಬ್ ಅನ್ನೋ ಹೆಸರು ಅಲ್ಲಿಯವರ ಬಾಯಲ್ಲಿ ನಿಲ್ಲದೆ ಲೀವೈ ಆಯಿತು.

1853ರ ಜನವರಿಯಲ್ಲಿ ಅಮೆರಿಕದ ಪೌರತ್ವ ಸಿಕ್ಕಿತು. ಮಾರ್ಚ್‌ನಲ್ಲಿ ಲೀವೈ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಡಗಿನಿಂದ ಇಳಿದ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ್ದು 1848ರಲ್ಲಿ. ಇವನು ಹೋಗುವ ಹೊತ್ತಿಗೆ ಐದು ವರ್ಷ ಕಳೆದಿತ್ತು. ಹೊಳೆ ಮರಳಲ್ಲಿ ಬಾಣಲೆ ಆಡಿಸಿದರೆ ಚಿನ್ನ ಕಾಣುವ ಕಾಲ ಮುಗಿಯುತ್ತಾ ಬಂದಿತ್ತು. ಅವನು ಚಿನ್ನಕ್ಕಾಗಿ ಹೋದವನೂ ಅಲ್ಲ. ಅಣ್ಣಂದಿರ ವ್ಯಾಪಾರಕ್ಕೆ ಪಶ್ಚಿಮ ಕರಾವಳಿಯಲ್ಲಿ ಒಂದು ಬ್ರಾಂಚ್ ತೆರೆಯೋಕೆ ಹೋದದ್ದು. ನ್ಯೂಯಾರ್ಕಿನಿಂದ ಹಡಗಲ್ಲಿ ಬರುವ ಸರಕನ್ನು ಬಿಡಿಸಿಕೊಂಡು ಒಳನಾಡಿನ ಸಣ್ಣ ಸಣ್ಣ ಅಂಗಡಿಗಳಿಗೆ ಹೋಲ್‌ಸೇಲಾಗಿ ಮಾರುವುದು ಅವನ ಕೆಲಸ. ಸರಕು ಅಂದರೆ ಬರೀ ಬಟ್ಟೆ ಥಾನುಗಳಲ್ಲ. ಸಿದ್ಧ ಉಡುಪು, ಹೊದಿಕೆ, ಕರ್ಚೀಫು, ಬಾಚಣಿಗೆ, ಕೈಚೀಲ ಎಲ್ಲವೂ. ನಮ್ಮ ಚಿಕ್ಕಪೇಟೆಯ ಸಗಟು ಅಂಗಡಿಗಳನ್ನು ನೋಡಿದ್ದರೆ ಅಂದಾಜು ಸಿಗುತ್ತೆ. ಅಕ್ಕ ಫ್ಯಾನಿಯ ಗಂಡ ಡೇವಿಡ್ ಸ್ಟರ್ನ್ ವ್ಯಾಪಾರದಲ್ಲಿ ಪಾಲುದಾರನಾಗಿ ಬಂದು ಸೇರಿದ. 1863ರಲ್ಲಿ ಅಂಗಡಿಗೆ ಲೀವೈ ಸ್ಟ್ರಾಸ್ ಅಂಡ್ ಕಂಪನಿ ಅಂತ ಹೆಸರಾಯಿತು. 1866ರಲ್ಲಿ ಬ್ಯಾಟರಿ ಸ್ಟ್ರೀಟ್ ಎಂಬಲ್ಲಿ ದೊಡ್ಡ ಕಟ್ಟಡಕ್ಕೆ ಹೋದರು. ಅಂದರೆ ಜೀನ್ಸ್ ಇನ್ನೂ ಹುಟ್ಟುವ ಮೊದಲೇ ಲೀವೈ ಸ್ಯಾನ್ ಫ್ರಾನ್ಸಿಸ್ಕೊದ ಸಾಹುಕಾರರಲ್ಲಿ ಒಬ್ಬನಾಗಿದ್ದ. ಕಥೆ ಇಲ್ಲಿಗೇ ನಿಂತಿದ್ದರೆ ಅವನ ಹೆಸರು ಆ ಊರಿನ ಹಳೇ ವ್ಯಾಪಾರಿಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿಯುತ್ತಿತ್ತು.

ಈಗ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಪಕ್ಕದ ನೆವಾಡಾ ರಾಜ್ಯದ ರೀನೊ ಊರಿಗೆ ಬನ್ನಿ. ಆ ಊರು ಹುಟ್ಟಿದ್ದೇ 1868ರಲ್ಲಿ, ಪೂರ್ವಕ್ಕೂ ಪಶ್ಚಿಮಕ್ಕೂ ಸೇರಿಸುವ ರೈಲುಹಳಿ ಅಲ್ಲಿಗೆ ತಲುಪಿದಾಗ. ಅಲ್ಲಿ ಜೇಕಬ್ ಡೇವಿಸ್ ಅಂತ ಒಬ್ಬ ದರ್ಜಿ ಇದ್ದ. ಅವನೂ ವಲಸೆ ಬಂದ ಯಹೂದಿಯೇ. ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ರಿಗಾ ಪಟ್ಟಣದಲ್ಲಿ ಹುಟ್ಟಿ, 1854ರಲ್ಲಿ ಅಮೆರಿಕಕ್ಕೆ ಬಂದು, ಅಲ್ಲಿ ಇಲ್ಲಿ ಕೈಯಾಡಿಸಿ ಯಾವುದರಲ್ಲೂ ನೆಲೆ ನಿಲ್ಲದೆ ಕೊನೆಗೆ ರೀನೊದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ. ಕೋಟು ಸೂಟು ಹೊಲಿಯುವ ಅಂಗಡಿಯಲ್ಲ. ಡೇರೆ, ಗಾಡಿ ಹೊದಿಕೆ, ಕುದುರೆಯ ಬೆನ್ನಿಗೆ ಹಾಕುವ ಕಂಬಳಿ, ಇಂಥ ಒರಟು ಕೆಲಸ. ಬಟ್ಟೆ ತರಿಸುತ್ತಿದ್ದದ್ದು ಲೀವೈ ಸ್ಟ್ರಾಸ್‌ನ ಸಗಟು ಅಂಗಡಿಯಿಂದ.

1870–71ರ ಚಳಿಗಾಲದಲ್ಲಿ ಒಬ್ಬ ಹೆಂಗಸು ಅವನ ಅಂಗಡಿಗೆ ಬಂದಳು. ಅವಳ ಗಂಡ ಸೌದೆ ಕಡಿಯುವವನು, ದಢೂತಿ ಆಳು, ಕಾಯಿಲೆ ಬಿದ್ದು ಅಳತೆ ಕೊಡೋಕೂ ಬರಲಾಗದ ಸ್ಥಿತಿ. ಅವನಿಗೆ ಎಷ್ಟು ಪ್ಯಾಂಟು ತಂದರೂ ಬೇಗ ಹರಿದುಹೋಗುತ್ತೆ, ಗಟ್ಟಿಯಾದದ್ದು ಬೇಕು ಅಂದಳು. ಮೂರು ಡಾಲರ್ ಮುಂಗಡವಾಗಿ ಕೊಟ್ಟಳು. ಅಳತೆ ದಾರದಲ್ಲಿ ಬಂತು. ಡೇವಿಸ್ ಬಿಳಿಯ ದಪ್ಪ ಡಕ್ ಬಟ್ಟೆಯಲ್ಲಿ ಪ್ಯಾಂಟು ಹೊಲಿದ. ಹೊಲಿದು ಮುಗಿಸಿ, ಜೇಬಿನ ಮೂಲೆ ಕಿತ್ತುಬರದ ಹಾಗೆ ಏನು ಮಾಡೋದು ಅಂತ ಯೋಚಿಸುವಾಗ ಮೇಜಿನ ಮೇಲೆ ಬಿದ್ದಿದ್ದ ತಾಮ್ರದ ರಿವೆಟ್‌ಗಳು ಕಣ್ಣಿಗೆ ಬಿದ್ದವು. ಕುದುರೆ ಕಂಬಳಿಗೆ ಚರ್ಮದ ಪಟ್ಟಿ ಕೂರಿಸೋಕೆ ಅವನ್ನು ಬಳಸುತ್ತಿದ್ದ. ನಾಲ್ಕು ತಗೊಂಡು ಜೇಬಿನ ಮೂಲೆಗಳಿಗೂ ಬಡಿದ. ಅಷ್ಟೇ. ಯಾವ ಪ್ರಯೋಗಾಲಯವೂ ಇಲ್ಲ, ಫಂಡಿಂಗೂ ಇಲ್ಲ.

ಮೆಕ್ಯಾನಿಕಲ್ ಮತ್ತು ಸಿವಿಲ್‌ನವರಿಗೆ ಇಲ್ಲಿ ಒಂದು ನಿಮಿಷ ನಿಲ್ಲಬೇಕು ಅನ್ನಿಸುತ್ತೆ. ಜೇಬು ಅಂದರೆ ಬಟ್ಟೆಯಲ್ಲಿ ನಾವೇ ಬೇಕೆಂದು ಬಿಟ್ಟ ಸೀಳು. ಕೈ ಹಾಕಿ ಎಳೆದಾಗ, ಸುತ್ತಿಗೆ ತುರುಕಿದಾಗ, ಬಗ್ಗಿದಾಗ ಬರುವ ಎಳೆತವೆಲ್ಲ ಸೀಳಿನ ಎರಡು ತುದಿಗೆ ಬಂದು ಸೇರುತ್ತೆ. ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್‌ನಲ್ಲಿ ಬರುವ ಸ್ಟ್ರೆಸ್ ಕಾನ್ಸಂಟ್ರೇಶನ್ ಅಂದರೆ ಇದೇ. ಬಟ್ಟೆ ಎಷ್ಟೇ ದಪ್ಪ ಇರಲಿ, ಆ ಬಿಂದುವಿನಲ್ಲಿ ಒಂದು ಹೊಲಿಗೆ ಬಿಟ್ಟರೆ ಎಳೆತ ಪಕ್ಕದ ಹೊಲಿಗೆಯ ಮೇಲೆ, ಅದು ಬಿಟ್ಟರೆ ಅದರ ಪಕ್ಕದ್ದರ ಮೇಲೆ. ಜಿಪ್ ಬಿಚ್ಚಿದ ಹಾಗೆ ಬಿಚ್ಚಿಕೊಂಡು ಹೋಗುತ್ತೆ. ರಿವೆಟ್ ಅಲ್ಲಿರುವ ಬಟ್ಟೆಯ ಪದರಗಳನ್ನೆಲ್ಲ ಒಟ್ಟಿಗೆ ಅದುಮಿ ಹಿಡಿದು, ದಾರದ ಮೇಲಿನ ಭಾರವನ್ನು ತಾನು ತಗೊಂಡು ಸುತ್ತಲಿನ ಬಟ್ಟೆಗೆ ಹಂಚುತ್ತೆ. ಡೇವಿಸ್ ಇಡೀ ಪ್ಯಾಂಟಿಗೆ ಇನ್ನೂ ದಪ್ಪ ಬಟ್ಟೆ ಹಾಕಬಹುದಿತ್ತು. ಹಾಕಲಿಲ್ಲ. ಎಲ್ಲಿ ಹರಿಯುತ್ತೋ ಅಲ್ಲಿ ಮಾತ್ರ ಕೈಯಿಟ್ಟ. ಈ ಒಂದು ಕಾರಣಕ್ಕೆ ಆತನನ್ನು ಎಂಜಿನಿಯರ್ ಅನ್ನೋಕೆ ನನಗೇನೂ ಸಂಕೋಚ ಇಲ್ಲ.

ಸೌದೆಯವನ ಪ್ಯಾಂಟಿನ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ರೈಲು ಕೆಲಸದವರು, ಸರ್ವೆಯವರು, ಗಾಡಿ ಹೊಡೆಯುವವರು ಕೇಳಿಕೊಂಡು ಬಂದರು. ಬಿಳಿ ಡಕ್ ಬಟ್ಟೆಯಲ್ಲೂ ನೀಲಿ ಡೆನಿಮ್‌ನಲ್ಲೂ ಹೊಲಿದು ಕೊಟ್ಟ. ಒಂದೂವರೆ ವರ್ಷದಲ್ಲಿ ಸುಮಾರು 200 ಪ್ಯಾಂಟು ಮಾರಾಟವಾಯಿತು. ಆಗ ಅವನಿಗೆ ಭಯ ಹುಟ್ಟಿತು. ರಿವೆಟ್ ಬಡಿಯೋಕೆ ಯಾರ ಕೈಲಿ ಆಗಲ್ಲ? ಪಕ್ಕದ ಬೀದಿಯ ದರ್ಜಿ ನಾಳೆಯೇ ಶುರುಮಾಡಬಹುದು. ಪೇಟೆಂಟ್ ಬೇಕು. ಖರ್ಚು 68 ಡಾಲರ್, ಅಂದರೆ ಅವನದೇ ಸುಮಾರು 23 ಪ್ಯಾಂಟುಗಳ ಬೆಲೆ. ಹಿಂದೆಯೂ ಪೇಟೆಂಟ್ ಅಂತ ದುಡ್ಡು ಸುರಿದು ಏನೂ ಗಿಟ್ಟದೇ ಹೋಗಿದ್ದರಿಂದ ಹೆಂಡತಿ ಈ ಸಲ ಒಪ್ಪಲಿಲ್ಲ ಅಂತ ಹೇಳ್ತಾರೆ. ಮನೆ ನಡೆಸುವವಳಿಗೆ ಅವಳ ಲೆಕ್ಕ ಇರುತ್ತಲ್ಲ.

1872ರಲ್ಲಿ ಡೇವಿಸ್ ತನಗೆ ಬಟ್ಟೆ ಕೊಡುತ್ತಿದ್ದ ಲೀವೈ ಸ್ಟ್ರಾಸ್ ಕಂಪನಿಗೆ ಒಂದು ಪತ್ರ ಕಳಿಸಿದ. ಇಂಗ್ಲಿಷ್ ಬರೆಯಲು ಸರಿಯಾಗಿ ಬರುತ್ತಿರಲಿಲ್ಲ, ಊರಿನ ಔಷಧಿ ಅಂಗಡಿಯವನ ಹತ್ತಿರ ಬರೆಸಿದ. ಜೊತೆಗೆ ಎರಡು ಪ್ಯಾಂಟು ಮಾದರಿಗೆ ಇಟ್ಟ. ಪ್ಯಾಂಟಿನ ಗುಟ್ಟೆಲ್ಲ ರಿವೆಟ್‌ನಲ್ಲಿದೆ ಅಂತ ಪತ್ರದಲ್ಲೇ ಬಿಟ್ಟುಕೊಟ್ಟಿದ್ದ. ಪೇಟೆಂಟಿನ ಖರ್ಚು ನೀವು ಹಾಕಿದರೆ ಹಕ್ಕಿನಲ್ಲಿ ಅರ್ಧ ನಿಮ್ಮದು ಅಂತ ಕೇಳಿಕೊಂಡ.

ಇಲ್ಲಿ ಸ್ವಲ್ಪ ಯೋಚಿಸಿ. ಮಾದರಿ ಕೈಯಲ್ಲಿದೆ, ಗುಟ್ಟು ಗೊತ್ತಾಗಿದೆ, ದುಡ್ಡಿದೆ, ವಕೀಲರಿದ್ದಾರೆ. ಎದುರಿಗಿರುವವನು ದೂರದ ಊರಿನ ದರ್ಜಿ, ಪತ್ರ ಬರೆಯೋಕೂ ಬಾರದವನು, ನಿನ್ನ ಅಂಗಡಿಯ ಗಿರಾಕಿ. ಆ ಕಾಲದಲ್ಲಿ ಇಂಥ ಕಡೆ ಕೈಚಳಕ ತೋರಿಸುವುದು ಅಪರೂಪವೇನೂ ಆಗಿರಲಿಲ್ಲ. ಹೊಲಿಗೆ ಯಂತ್ರಕ್ಕೆ 1846ರಲ್ಲಿ ಪೇಟೆಂಟ್ ಪಡೆದ ಎಲಿಯಾಸ್ ಹೋವ್, ತನ್ನ ಹಕ್ಕಿನ ಹಣಕ್ಕಾಗಿ ಐಸಾಕ್ ಸಿಂಗರ್ ಮತ್ತಿತರರ ಮೇಲೆ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಬೇಕಾಯಿತು. ಇವತ್ತಿಗೂ ಜನರ ಬಾಯಲ್ಲಿ ಉಳಿದಿರೋದು ಸಿಂಗರ್ ಹೆಸರೇ, ಹೋವ್‌ನದ್ದಲ್ಲ. ಅಷ್ಟು ದೂರ ಯಾಕೆ, ಒಬ್ಬ ಕೋಡ್ ಬರೆದ ಪ್ರಾಜೆಕ್ಟಿಗೆ ನಾಲ್ಕು ಜನರ ಹೆಸರು ಹಾಕಿ, ಬರೆದವನ ಹೆಸರನ್ನೇ ಕೊನೆಗೆ ತಳ್ಳಿದ ಕಥೆ ಕೇಳದವರು ನಮ್ಮಲ್ಲಿ ಯಾರಿದ್ದಾರೆ?

ಲೀವೈ ಹಾಗೆ ಮಾಡಲಿಲ್ಲ. ಖರ್ಚು ಹಾಕಿದ, ವಕೀಲರನ್ನು ಹಿಡಿದ, ಡೇವಿಸ್ ಹೆಸರಲ್ಲೇ ಅರ್ಜಿ ಹಾಕಿಸಿದ. ಪೇಟೆಂಟ್ ಕಚೇರಿ ಮೊದಲು ಒಪ್ಪಲಿಲ್ಲ, ರಿವೆಟ್ ಅನ್ನೋದು ಹೊಸ ವಸ್ತುವಲ್ಲ ಅನ್ನುವ ತಕರಾರು. ಅರ್ಜಿ ತಿದ್ದಿದರು. ರಿವೆಟ್ ನಮ್ಮದು ಅನ್ನುವುದನ್ನು ಬಿಟ್ಟು, ಜೇಬಿನ ಬಾಯಿಯ ಮೂಲೆ ಕೀಳದ ಹಾಗೆ ಅಲ್ಲಿ ರಿವೆಟ್ ಹಾಕುವ ಕ್ರಮ ಮಾತ್ರ ನಮ್ಮದು ಅನ್ನುವಷ್ಟಕ್ಕೆ ಇಳಿಸಿದರು. 1873ರ ಮೇ 20ರಂದು 1,39,121ನೇ ನಂಬರಿನ ಪೇಟೆಂಟ್ ಸಿಕ್ಕಿತು. ಗೂಗಲ್ ಪೇಟೆಂಟ್ಸ್‌ನಲ್ಲಿ ಆ ನಂಬರು ಹಾಕಿದರೆ ಪೇಟೆಂಟ್ ತೆರೆದುಕೊಳ್ಳುತ್ತೆ. ಅದರ ಮೇಲೆ ಸಂಶೋಧಕ ಅಂತ ಇರೋದು ಜೇಕಬ್ ಡಬ್ಲ್ಯೂ. ಡೇವಿಸ್, ಊರು ರೀನೊ, ನೆವಾಡಾ. ಹಕ್ಕುದಾರರು ಡೇವಿಸ್ ಮತ್ತು ಲೀವೈ ಸ್ಟ್ರಾಸ್ ಕಂಪನಿ. ಲೀವೈ ತನ್ನನ್ನು ಸಂಶೋಧಕ ಅಂತ ಎಲ್ಲೂ ಬರೆಸಿಕೊಳ್ಳಲಿಲ್ಲ. ಪುರಾಣಕ್ಕಿಂತ ಈ ಲೀವೈ ನನಗೆ ಹೆಚ್ಚು ಇಷ್ಟ.

ಅದೇ ವರ್ಷ ಡೇವಿಸ್ ಸಂಸಾರ ಸಮೇತ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ತಯಾರಿಕೆಯ ಉಸ್ತುವಾರಿ ವಹಿಸಿಕೊಂಡ. ಶುರುವಿನಲ್ಲಿ ಕತ್ತರಿಸಿದ ಬಟ್ಟೆಯನ್ನು ಮನೆಯಲ್ಲೇ ಹೊಲಿಯುವ ಹೆಂಗಸರಿಗೆ ಹಂಚಿ ಕೆಲಸ ಮಾಡಿಸುತ್ತಿದ್ದರು. ನಮ್ಮ ಬಳ್ಳಾರಿಯ ಜೀನ್ಸ್ ಕಸುಬು ನೋಡಿದವರಿಗೆ ಈ ಪದ್ಧತಿ ಹೊಸದಲ್ಲ, ಅಲ್ಲಿ ಕತ್ತರಿಸುವವರು ಒಂದು ಕಡೆ, ಹೊಲಿಯುವವರು ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ. ಬೇಡಿಕೆ ಏರಿದ ಮೇಲೆ ಲೀವೈ ಕಂಪನಿ ಕಾರ್ಖಾನೆಯನ್ನೇ ಮಾಡಿಕೊಂಡಿತು. ಆಗ ಇದನ್ನು ಜೀನ್ಸ್ ಅಂತ ಯಾರೂ ಕರೆಯುತ್ತಿರಲಿಲ್ಲ. ಓವರಾಲ್ ಅನ್ನುತ್ತಿದ್ದರು. ಬೆಲ್ಟ್ ಹಾಕುವ ಲೂಪು ಇರಲಿಲ್ಲ, ಭುಜದ ಮೇಲಿಂದ ಬರುವ ಪಟ್ಟಿಗೆ ಸಿಕ್ಕಿಸುವ ಗುಂಡಿ ಇರುತ್ತಿತ್ತು. ಹಿಂದೆ ಒಂದೇ ಜೇಬು. ಮುಂದಿನ ಬಲ ಜೇಬಿನೊಳಗೆ ಒಂದು ಪುಟ್ಟ ಜೇಬು ಇದೆಯಲ್ಲ, ನಾವು ಪೆನ್‌ಡ್ರೈವ್ ಹಾಕಿ ಮರೆತು ಒಗೆಯೋಕೆ ಕೊಡೋದು, ಅದು ಗಡಿಯಾರ ಇಡುವ ಜೇಬು. ಆಗ ಗಡಿಯಾರ ಇರುತ್ತಿದ್ದದ್ದು ಮಣಿಕಟ್ಟಿನಲ್ಲಲ್ಲ, ಸರಪಳಿಯ ತುದಿಯಲ್ಲಿ.

ಬಟ್ಟೆಯ ವಿಷಯಕ್ಕೂ ಬರಬೇಕು. ಡೆನಿಮ್ ಅವರು ತರಿಸುತ್ತಿದ್ದದ್ದು ಪೂರ್ವದ ನ್ಯೂಹ್ಯಾಂಪ್‌ಶೈರ್‌ನ ಅಮೊಸ್ಕೀಗ್ ಗಿರಣಿಯಿಂದ. ನಾವು ಹಾಸುಹೊಕ್ಕು ಅಂತ ಮಾತಿಗೆ ಬಳಸ್ತೀವಲ್ಲ, ಅದು ಮಗ್ಗದ ಮಾತು. ಉದ್ದಕ್ಕೆ ಬಿಗಿದ ನೂಲು ಹಾಸು, ಅಡ್ಡಕ್ಕೆ ಓಡುವ ನೂಲು ಹೊಕ್ಕು. ಡೆನಿಮ್‌ನಲ್ಲಿ ಹಾಸು ಮಾತ್ರ ನೀಲಿ, ಹೊಕ್ಕು ಬಿಳಿ. ಹೊಕ್ಕಿನ ನೂಲು ಹೆಚ್ಚಾಗಿ ಹಿಂದೆ ಉಳಿಯುವ ಹಾಗೆ ಓರೆ ನೇಯ್ಗೆ ನೇಯುತ್ತಾರೆ, ಅದಕ್ಕೇ ಜೀನ್ಸ್ ಮಡಚಿದರೆ ಒಳಗೆ ಬೆಳ್ಳಗೆ ಕಾಣುತ್ತೆ. ಬಣ್ಣ ಹೋಗುವುದಕ್ಕೂ ಕಾರಣ ಇದೆ. ಇಂಡಿಗೊ ನೀರಿನಲ್ಲಿ ಕರಗಲ್ಲ. ಅದನ್ನು ರಿಡಕ್ಷನ್ ಮಾಡಿ ಕರಗುವ ರೂಪಕ್ಕೆ ತಂದು, ನೂಲು ಅದ್ದಿ, ಗಾಳಿಗೆ ಹಿಡಿದರೆ ಆಮ್ಲಜನಕ ಸೇರಿ ಮತ್ತೆ ನೀಲಿಯಾಗುತ್ತೆ. ಹೀಗೆ ಅದ್ದಿ ತೆಗೆದು ಮಾಡುವಾಗ ಬಣ್ಣ ನೂಲಿನ ಹೊರಸುತ್ತಿಗೆ ಮಾತ್ರ ಹತ್ತುತ್ತೆ, ತಿರುಳು ಬಿಳಿಯಾಗೇ ಉಳಿಯುತ್ತೆ. ಮಂಡಿ ಸವೆದಂತೆ ಹೊರಸುತ್ತು ಉದುರಿ ಬಿಳಿ ಹೊರಬರುತ್ತೆ. ಈಗ ಹೆಚ್ಚು ದುಡ್ಡು ಕೊಟ್ಟು ತರುವ ಫೇಡೆಡ್ ಲುಕ್ ಆಗ ದುಡಿದವನ ಗುರುತಾಗಿತ್ತು. ಜರ್ಮನಿಯ ಬಿಎಎಸ್ಎಫ್ 1897ರಲ್ಲಿ ಕಾರ್ಖಾನೆಯ ಇಂಡಿಗೊ ಮಾರುಕಟ್ಟೆಗೆ ತರುವ ತನಕ ಲೋಕದ ನೀಲಿಯೆಲ್ಲ ಗಿಡದಿಂದಲೇ ಬರಬೇಕಿತ್ತು. ಆ ಗಿಡವನ್ನು ಬಲವಂತವಾಗಿ ಬೆಳೆಸಿಕೊಂಡದ್ದಕ್ಕೆ ಬಂಗಾಳದ ರೈತರು 1859ರಲ್ಲಿ ದಂಗೆ ಎದ್ದದ್ದು ಶಾಲೆಯಲ್ಲಿ ಓದಿದ್ದೇವೆ. ಡಂಗರಿ ಅನ್ನೋ ಪದವೂ ಮುಂಬಯಿಯ ಡೋಂಗ್ರಿಯಿಂದ ಹೋದದ್ದೇ. ಒರಟು ನೀಲಿ ಬಟ್ಟೆಯ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ.

ಪೇಟೆಂಟ್ ಸಿಕ್ಕ ಕೂಡಲೇ ನಕಲಿಗಳು ಬಂದವು. ಸ್ಯಾನ್ ಫ್ರಾನ್ಸಿಸ್ಕೊದ ಎಲ್‌ಫೆಲ್ಟ್ ಅನ್ನೋ ವ್ಯಾಪಾರಿಯ ಮೇಲೆ ಲೀವೈ ಕಂಪನಿ ಕೇಸು ಹಾಕಿತು. 1874ರಲ್ಲಿ ಡೇವಿಸ್ ಸಾಕ್ಷಿ ಹೇಳಿದ. ಸೌದೆಯವನ ಹೆಂಡತಿ, ಮೂರು ಡಾಲರ್, ಮೇಜಿನ ಮೇಲಿದ್ದ ರಿವೆಟ್ ಎಲ್ಲವನ್ನೂ ಕೋರ್ಟಿನ ಗುಮಾಸ್ತರು ಬರೆದುಕೊಂಡರು. ಪೇಟೆಂಟಿನ ಆಯುಸ್ಸು 17 ವರ್ಷ, 1890ಕ್ಕೆ ಮುಗಿಯುವುದಿತ್ತು. ಅದು ಮುಗಿಯುವ ಮೊದಲೇ, 1886ರಲ್ಲಿ, ಸೊಂಟದ ಹಿಂದೆ ಚರ್ಮದ ಚೀಟಿ ಬಂತು. ಎರಡು ಕುದುರೆಗಳು ಒಂದು ಪ್ಯಾಂಟನ್ನು ಆ ಕಡೆ ಈ ಕಡೆ ಎಳೆಯುತ್ತಿರುವ ಚಿತ್ರ. ಓದು ಬಾರದವನೂ ಅಂಗಡಿಗೆ ಹೋಗಿ ಎರಡು ಕುದುರೆ ಪ್ಯಾಂಟು ಕೊಡಿ ಅಂತ ಕೇಳಬಹುದಿತ್ತು. ರಿವೆಟ್ ಎಲ್ಲರದ್ದಾಗುವ ಹೊತ್ತಿಗೆ ಗುರುತು ಇವರದಾಗಿತ್ತು. 1890ರ ಸುಮಾರಿಗೆ ಈ ಪ್ಯಾಂಟಿಗೆ 501 ಅನ್ನೋ ನಂಬರು ಕೊಟ್ಟರು, ಅದು ಇನ್ನೂ ನಡೆಯುತ್ತಿದೆ.

ಈಗ ಹೇಳೋಕೆ ಹಿತವಲ್ಲದ ಭಾಗ. ರೀನೊ ಊರನ್ನು ಹುಟ್ಟಿಸಿದ ಆ ರೈಲುಹಳಿಯನ್ನು ಕ್ಯಾಲಿಫೋರ್ನಿಯಾ ಕಡೆಯಿಂದ ಬೆಟ್ಟ ಕೊರೆದು ತಂದವರಲ್ಲಿ ಬಹುಪಾಲು ಜನ ಚೀನಾದಿಂದ ಬಂದ ಕೂಲಿಗಳು. ಹಳಿ ಮುಗಿಯಿತು, ಆಮೇಲೆ ಅವರೇ ಬೇಡವಾದರು. ನಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ ಅನ್ನೋ ಕೂಗು ಎದ್ದಿತು, ಅಲ್ಲಲ್ಲಿ ದೊಂಬಿಗಳಾದವು, 1882ರಲ್ಲಿ ಚೀನೀ ಕೂಲಿಗಳು ದೇಶದೊಳಗೆ ಬರದಂತೆ ಕಾನೂನೇ ಆಯಿತು. ಆ ಗಾಳಿಯಲ್ಲಿ ಲೀವೈ ಕಂಪನಿಯೂ ತನ್ನ ಪ್ಯಾಂಟು ಬಿಳಿಯ ಕೆಲಸಗಾರರೇ ಮಾಡಿದ್ದು ಅಂತ ಜಾಹೀರಾತು ಕೊಟ್ಟಿತು, ಪ್ಯಾಂಟಿನ ಮೇಲೂ ಅಚ್ಚು ಹಾಕಿತು. 2022ರಲ್ಲಿ ನ್ಯೂಮೆಕ್ಸಿಕೊದಲ್ಲಿ ಹಳೆಯ ಗಣಿಯೊಳಗೆ ಸಿಕ್ಕಿದ್ದ 1880ರ ದಶಕದ ಒಂದು ಲೀವೈ ಪ್ಯಾಂಟು ಹರಾಜಾಯಿತು. ಕಮಿಷನ್ ಸೇರಿ 87,400 ಡಾಲರ್. ಸುದ್ದಿಯವರೆಲ್ಲ ಬೆಲೆ ನೋಡಿ ಬಾಯಿಬಿಟ್ಟರು. ಜೇಬಿನ ಒಳಗೆ ಆ ಅಚ್ಚು ಹಾಗೇ ಇತ್ತು. ಕಂಪನಿಯೂ ಅದನ್ನು ಒಪ್ಪಿಕೊಂಡಿದೆ, 1890ರ ದಶಕದಲ್ಲಿ ಆ ನೀತಿ ಕೈಬಿಟ್ಟೆವು ಅಂತ ಹೇಳಿದೆ.

ಕಾಲವೇ ಹಾಗಿತ್ತು, ಎಲ್ಲರೂ ಮಾಡುತ್ತಿದ್ದರು ಅಂತ ಹೇಳಿ ಮುಂದಕ್ಕೆ ಹೋಗಬಹುದು. ಆದರೆ ಬುಟನ್‌ಹೈಮ್‌ನ ಪಟ್ಟಿ ನೆನಪಿಗೆ ಬರುತ್ತಲ್ಲ. ಇಂಥವರು ಇಷ್ಟೇ ಜನ ಇರಬೇಕು ಅನ್ನೋ ಕಾನೂನಿನ ಊರು ಬಿಟ್ಟು ಬಂದವನ ಹೆಸರಿನ ಪ್ಯಾಂಟಿನಲ್ಲಿ ಇಂಥವರು ಮುಟ್ಟಿಲ್ಲ ಅನ್ನೋ ಅಚ್ಚು. ರೀನೊದ ದರ್ಜಿಗೆ ಮೋಸ ಮಾಡದವನೂ ಈ ಅಚ್ಚು ಹಾಕಿ ಮಾರಿದ ಕಂಪನಿಯ ಯಜಮಾನನೂ ಒಬ್ಬನೇ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡೋದು ನನಗೆ ಸರಿ ಕಾಣಲ್ಲ.

ಲೀವೈ ಮದುವೆಯಾಗಲಿಲ್ಲ. ಅಕ್ಕ ಫ್ಯಾನಿಯ ಸಂಸಾರವೇ ಅವನ ಸಂಸಾರ. ಭಾವ ಡೇವಿಡ್ ಸ್ಟರ್ನ್ 1874ರಲ್ಲಿ ತೀರಿಕೊಂಡ ಮೇಲೆ ಅಕ್ಕನ ಗಂಡುಮಕ್ಕಳನ್ನು ವ್ಯಾಪಾರಕ್ಕೆ ಕರೆದುಕೊಂಡ. ಕೆಲಸಗಾರರು ತನ್ನನ್ನು ಸಾಹೇಬ ಅನ್ನದೆ ಹೆಸರು ಹಿಡಿದೇ ಕರೆಯಬೇಕು ಅನ್ನುತ್ತಿದ್ದನಂತೆ. ಅನಾಥಾಲಯಗಳಿಗೆ ಕೈಬಿಚ್ಚಿ ಕೊಟ್ಟ, ಯಹೂದಿಗಳದ್ದಕ್ಕೂ ಕ್ಯಾಥೊಲಿಕ್ಕರದ್ದಕ್ಕೂ. 1897ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 28 ವಿದ್ಯಾರ್ಥಿವೇತನಗಳಿಗೆ ಹಣ ಕೊಟ್ಟ. ಉಳಿದಿರುವ ಫೋಟೋಗಳಲ್ಲಿ ಕಪ್ಪು ಸೂಟು ತೊಟ್ಟ ಗಡ್ಡದ ಮುದುಕ ಕಾಣುತ್ತಾನೆ, ಎಲ್ಲೂ ನೀಲಿ ಪ್ಯಾಂಟಿಲ್ಲ. ಆಗ ಅದು ಕೂಲಿಯವರ ಬಟ್ಟೆ, ಸಾಹುಕಾರರು ತೊಡುವಂಥದ್ದಲ್ಲ. 1902ರ ಸೆಪ್ಟೆಂಬರ್ 26ರಂದು ಮನೆಯಲ್ಲಿ ತೀರಿಕೊಂಡ. ವಯಸ್ಸು 73. ಬಿಟ್ಟುಹೋದ ಆಸ್ತಿ ಸುಮಾರು 60 ಲಕ್ಷ ಡಾಲರ್, ಅದರ ಬಹುಪಾಲು ಅಕ್ಕನ ಮಕ್ಕಳಿಗೆ.

ಆ ಪ್ಯಾಂಟು ಫ್ಯಾಶನ್ ಆಗಿದ್ದನ್ನು ಅವನು ನೋಡಲೇ ಇಲ್ಲ. ಬೆಲ್ಟ್ ಲೂಪು ಬಂದದ್ದು 1922ರಲ್ಲಿ, ಹೆಂಗಸರಿಗೆಂದೇ ಹೊಲಿದ ಲೀವೈ ಬಂದದ್ದು 1934ರಲ್ಲಿ. ಹಿಂದಿನ ಜೇಬಿನ ರಿವೆಟ್‌ಗಳು ಕುರ್ಚಿ, ಕುದುರೆ ಜೀನು ಗೀಚುತ್ತವೆ ಅಂತ ದೂರು ಬಂದು 1937ರಲ್ಲಿ ಅವನ್ನು ಬಟ್ಟೆಯೊಳಗೆ ಮುಚ್ಚಿದರು. ನಮ್ಮ ಬೆಂಚುಗಳ ಮೇಲಿನ ಗೀಚುಗಳಿಗೆ ಮಾತ್ರ ಬೇರೆ ಕಾರಣಗಳಿವೆ ಬಿಡಿ. ಎರಡು ಕಾಲು ಸೇರುವ ಕಡೆಯೂ ಒಂದು ರಿವೆಟ್ ಇತ್ತು, ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲು ಅದು ಹೋಯಿತು. ಚಳಿಗೆ ಬೆಂಕಿ ಮುಂದೆ ಕುಕ್ಕರಗಾಲಲ್ಲಿ ಕೂತವರಿಗೆ ಆ ರಿವೆಟ್ ಕಾದು ಏನಾಗುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. 1953ರಲ್ಲಿ ಮರ್ಲನ್ ಬ್ರಾಂಡೊ ಸಿನಿಮಾದಲ್ಲಿ ತೊಟ್ಟ ಮೇಲೆ ಹುಡುಗರು ಮುಗಿಬಿದ್ದರು, ಶಾಲೆಗಳು ನಿಷೇಧ ಹಾಕಿದವು. ಈಗಲೂ ಕೆಲವು ಕಾಲೇಜುಗಳಲ್ಲಿ ವೈವಾ ದಿನ ಅದೇ ರಾಗ. ಜೀನ್ಸ್ ಅನ್ನೋ ಹೆಸರನ್ನು ಕಂಪನಿ ತನ್ನ ಜಾಹೀರಾತಿನಲ್ಲಿ ಹಾಕತೊಡಗಿದ್ದೇ 1960ರ ಸುಮಾರಿಗೆ.

ಇನ್ನು ಆ ಡೇರೆ ಬಟ್ಟೆ ಕಥೆ ಎಲ್ಲಿಂದ ಬಂತು? 1906ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭೂಕಂಪವಾಯಿತು, ಹಿಂದೆಯೇ ದಿನಗಟ್ಟಲೆ ಬೆಂಕಿ. ಬ್ಯಾಟರಿ ಸ್ಟ್ರೀಟಿನ ಕಟ್ಟಡ ಸುಟ್ಟುಹೋಯಿತು. ಲೆಕ್ಕದ ಪುಸ್ತಕ, ಪತ್ರ, ಹಳೆಯ ಮಾದರಿ ಪ್ಯಾಂಟು ಎಲ್ಲಾ ಬೂದಿ. 501 ಅನ್ನೋ ನಂಬರು ಯಾಕೆ ಕೊಟ್ಟರು ಅನ್ನೋದು ಕಂಪನಿಗೇ ಗೊತ್ತಿಲ್ಲದಿರೋದು ಈ ಬೆಂಕಿಯಿಂದ. ಲೀವೈ ಸತ್ತಿದ್ದ. 1908ರಲ್ಲಿ ಡೇವಿಸ್ ಕೂಡ ಸತ್ತ. ಅವನ ಮಗ ಸೈಮನ್ ಅದೇ ಕಾರ್ಖಾನೆಯಲ್ಲಿ ಮುಂದುವರಿದ, 1912ರಲ್ಲಿ ಮಕ್ಕಳ ಆಟದ ಉಡುಪೊಂದನ್ನು ತಂದ. ಆದರೆ ಅಪ್ಪನ ಹೆಸರು ಅಂಗಡಿಯ ಬೋರ್ಡಿನ ಮೇಲೆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಖಾಲಿಯಾದ ಜಾಗದಲ್ಲಿ ಚಿನ್ನ, ಗಣಿ, ಡೇರೆಯ ಕಥೆ ಬಂದು ಕೂತಿತು. ಕೇಳೋಕೆ ಚೆನ್ನಾಗಿತ್ತು, ಕಂಪನಿಯ ಪ್ರಚಾರವೂ ದಶಕಗಟ್ಟಲೆ ಅದನ್ನೇ ಹೇಳಿತು.

ದರ್ಜಿಯ ಕಥೆ ಮರಳಿ ಸಿಕ್ಕಿದ್ದು ಕಂಪನಿಯ ಕಪಾಟಿನಿಂದಲ್ಲ, ಕೋರ್ಟಿನ ಕಡತಗಳಿಂದ. ಎಲ್‌ಫೆಲ್ಟ್ ನಕಲು ಮಾಡಿದ್ದಕ್ಕೆ ಕೇಸಾಯಿತು, ಕೇಸಾದದ್ದಕ್ಕೆ ಡೇವಿಸ್ ಕಟಕಟೆ ಹತ್ತಿದ, ಹತ್ತಿದ್ದಕ್ಕೆ ಅವನ ಮಾತು ಸರ್ಕಾರದ ಕಾಗದದ ಮೇಲೆ ಉಳಿಯಿತು. ಅಳತೆಗೆ ಬಂದ ದಾರದ ತುಂಡಿನ ಸಂಗತಿ ಕೂಡ ನಮಗೆ ಗೊತ್ತಿರೋದು ಹೀಗೆ.